ತಾಯಿ ಕಾರ್ಡ್ ಕೇಳೋರೇ ಇಲ್ಲ

ದಡಾರ ಹೆಚ್ಚುತ್ತಿದೆ, ಆಸ್ಪತ್ರೆಗಳಲ್ಲೇ ಲಸಿಕೆಯ ಮಾತು ಶುರುವಾಗಬೇಕು ಎಂದು ಬರೆದಿದ್ದೀರಿ. ಸರಿಯಾಗಿ ಹೇಳಿದಿರಿ. ನಾನು ಹೊಸನಗರದ ಕಡೆಯವಳು. ಹೋದ ಮಳೆಗಾಲ ಒಂದೂವರೆ ವರ್ಷದ ಮೊಮ್ಮಗನಿಗೆ ಜ್ವರ ಅಂತ ಒಂದು ಆಸ್ಪತ್ರೆಗೆ ಹೋಗಿದ್ದೆ. ಹೊರಗೆ ಜಡಿಮಳೆ, ಕಿಟಕಿಯೆಲ್ಲ ಬಂದ್, ಒಂದೇ ಬೆಂಚಿನಲ್ಲಿ ಆರು ಮಕ್ಕಳು. ಪಕ್ಕದ ಮಗುವಿಗೆ ಕಣ್ಣು ಕೆಂಪು, ಮೂಗು ಸೋರುತ್ತಿತ್ತು, ಕಿವಿಯ ಹಿಂದೆ ದದ್ದು. ಅದನ್ನು ಬೇರೆ ಕೂರಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ದಡಾರದ ವೈರಾಣು ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ಅಲ್ಲಿನ ಗಾಳಿಯಲ್ಲಿ ಇರಬಲ್ಲದು. ದದ್ದು ಏಳುವ 4 ದಿನ ಮೊದಲೇ ಹರಡಲು ಶುರು.

ನಮ್ಮವನಿಗೆ 9 ತಿಂಗಳಿನ ಲಸಿಕೆ ಆಗಿತ್ತು, 16 ತಿಂಗಳು ತುಂಬಿದ ಮೇಲೆ ಹಾಕಿಸಬೇಕಾದ ಎರಡನೇ ಡೋಸು ಬಾಕಿ. ಡಾಕ್ಟ್ರು ಸಿರಪ್ ಬರೆದುಕೊಟ್ಟರು, ಮಗುವಿನ ಲಸಿಕೆಗಳನ್ನೆಲ್ಲ ಬರೆದಿಡುವ ತಾಯಿ ಕಾರ್ಡ್ ಕೇಳಲೇ ಇಲ್ಲ. ನೆನಪಿಸಿದ್ದು ನಮ್ಮ ಆಶಾ ಕಾರ್ಯಕರ್ತೆ, ಅದೂ ಕಾಲಿಗೆ ಉಂಬಳ ಹತ್ತಿಸಿಕೊಂಡು ತೋಟದ ದಾರಿಯಲ್ಲಿ ನಡೆದು ಬಂದು.

‘ಅಮ್ಮ ಬಂದಿದ್ದಾಳೆ’ ಅಂತ ಬೇವಿನಸೊಪ್ಪು ಇಟ್ಟು ಸುಮ್ಮನಾಗುವವರು ಈಗಲೂ ಇದ್ದಾರೆ. ಸೊಪ್ಪು ಇಡಲಿ ಬಿಡಿ, ಲಸಿಕೆಯನ್ನೂ ಹಾಕಿಸಲಿ. ಅಂದಹಾಗೆ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು, ನೆಲ ಒರೆಸುವವರು, ಇವರಿಗೆ ಎರಡೂ ಡೋಸು ಆಗಿದೆಯಾ ಅಂತ ನೋಡಿದವರಿದ್ದಾರಾ?