ದಯವಿಟ್ಟು ನಕ್ಕು ಕೈ ಬೀಸಿ, ನೀವು ರಜೆಯಲ್ಲಿದ್ದೀರಿ

ಅಮೆರಿಕದಲ್ಲಿ ರಜೆ ಕಳೆಯಲು ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೀರಾ? ಹಾಗಾದರೆ ಹೊರಡುವ ದಿನ ಪಕ್ಕದ ಮನೆಯವರನ್ನು ನೋಡಿ ನಗಬೇಕು. ಕೈಯನ್ನೂ ಬೀಸಬೇಕು. ನೀವು ಬಿಳಿಯರಾದರೆ ಪರವಾಗಿಲ್ಲ, ಮುಖ ಗಂಟು ಹಾಕಿಕೊಂಡೇ ಹೋಗಬಹುದು. ಈ ನಗು ಕಡ್ಡಾಯವಾಗಿರುವುದು ಕಪ್ಪು ವರ್ಣೀಯರಿಗೆ ಮಾತ್ರ.

ಇದು ನಾನು ಸುಮ್ನೆ ಕಟ್ಟಿದ ಕಥೆ ಅಲ್ಲ. 2018ರ ಏಪ್ರಿಲ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಊರಿನಲ್ಲಿ ಮೂವರು ಕಪ್ಪು ವರ್ಣೀಯರು ಏರ್‌ಬಿಎನ್‌ಬಿ (ಜನ ತಮ್ಮ ಮನೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲು ಇರುವ ಆನ್‌ಲೈನ್ ಕಂಪನಿ) ಮನೆ ಖಾಲಿ ಮಾಡಿ, ಹಾಡುಹಗಲೇ ಸೂಟ್‌ಕೇಸ್‌ಗಳನ್ನು ಕಾರಿಗೆ ತುಂಬುತ್ತಿದ್ದರು. ನೆರೆಮನೆಯ ಹೆಂಗಸಿಗೆ ಅವರು ಕಳ್ಳರಂತೆ ಕಂಡರು. ಆಕೆ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು 22 ನಿಮಿಷ ಅವರನ್ನು ನಿಲ್ಲಿಸಿಕೊಂಡರು. ಏರ್‌ಬಿಎನ್‌ಬಿ ಅಂದರೆ ಏನು ಎಂದೇ ಒಬ್ಬ ಅಧಿಕಾರಿಗೆ ಗೊತ್ತಿರಲಿಲ್ಲ ಎಂದು ಆ ಮೂವರಲ್ಲೊಬ್ಬರು ಆಮೇಲೆ ಬರೆದರು. ಕಂಪನಿ ಶುರುವಾಗಿ ಆಗಲೇ ಹತ್ತು ವರ್ಷದ ಹತ್ತಿರ! ಇಷ್ಟೆಲ್ಲ ಆದ ಮೇಲೆ ಕೇಳಿಬಂದ ಸಮರ್ಥನೆ ಇನ್ನೂ ಚೆನ್ನಾಗಿದೆ: ಅವರು ತಿರುಗಿ ನಕ್ಕು ಕೈ ಬೀಸಿದ್ದರೆ ಇದ್ಯಾವುದೂ ಆಗುತ್ತಲೇ ಇರಲಿಲ್ಲವಂತೆ.

ಸರಿ, ಅದು ಯಾರದೋ ಮನೆ. ಹೋಟೆಲ್ ಆದರೆ ರಿಸೆಪ್ಷನ್ ಇರುತ್ತದೆ, ಕೈಯಲ್ಲಿ ಕೀ ಇರುತ್ತದೆ ಅಂದುಕೊಂಡಿರಾ? ಅದೇ ವರ್ಷದ ಡಿಸೆಂಬರ್‌ನಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ಕಪ್ಪು ವ್ಯಕ್ತಿಯೊಬ್ಬರು ತಾವು ರೂಮ್ ಮಾಡಿದ್ದ ಹೋಟೆಲಿನ ಲಾಬಿಯಲ್ಲೇ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಸೆಕ್ಯುರಿಟಿಯವನು ಪೊಲೀಸರನ್ನು ಕರೆಸಿದ. ಅತಿಥಿ ಗಂಟುಮೂಟೆ ಕಟ್ಟಿ ಹೊರಗೆ ಹೋಗಬೇಕಾಯಿತು. ಹೋಟೆಲಿನವರು ಆಮೇಲೆ ಇಬ್ಬರನ್ನು ಕೆಲಸದಿಂದ ತೆಗೆದರು ಅನ್ನಿ. ಲಾಬಿ ಇರುವುದು ಕೂರುವುದಕ್ಕೆ ಅಲ್ವಾ? ಆದರೆ ಕೆಲವರು ಕೂತರೆ ಅದು ವಿಶ್ರಾಂತಿ, ಇನ್ನು ಕೆಲವರು ಕೂತರೆ ಅದು ಠಳಾಯಿಸುವುದು.

ಒರೆಗಾನ್ ಅಂದರೆ ಸಾಮಾನ್ಯ ರಾಜ್ಯವಲ್ಲ. ಭಾರೀ ಉದಾರ ಮನಸ್ಸಿನವರು ಎಂದು ಹೆಸರು. 1859ರಲ್ಲಿ ಅದು ಅಮೆರಿಕದ ಒಕ್ಕೂಟಕ್ಕೆ ಸೇರುವಾಗ, ಕಪ್ಪು ಜನ ಇಲ್ಲಿಗೆ ಬಂದು ನೆಲೆಸುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆದುಕೊಂಡಿತ್ತು. ಆ ನಿಯಮ ತೆಗೆದದ್ದು 1926ರಲ್ಲಿ. ಉಳಿದಿದ್ದ ವರ್ಣದ್ವೇಷದ ಪದಗಳನ್ನು ಅಳಿಸಲು 2002ರ ತನಕ ಪುರುಸೊತ್ತಾಗಲಿಲ್ಲ. ಆಗಲೂ ಮತ ಹಾಕಿದವರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಜನ ‘ಬೇಡ, ಇರಲಿ’ ಅಂದರು. ಹಳೇ ಸಾಮಾನು ನೋಡಿ, ಬಿಸಾಡಲು ಮನಸ್ಸು ಬರುವುದಿಲ್ಲ.

ಇದೇ ಒರೆಗಾನ್‌ನ ಕಪ್ಪು ಮಹಿಳೆಯರು ಏರ್‌ಬಿಎನ್‌ಬಿ ಮೇಲೆ ಕೇಸು ಹಾಕಿದರು. ಹೆಸರು, ಫೋಟೊ ನೋಡಿ ಮನೆ ಕೊಡದಿರಲು ಕಂಪನಿಯ ವ್ಯವಸ್ಥೆಯೇ ದಾರಿ ಮಾಡಿಕೊಡುತ್ತದೆ ಎಂಬುದು ದೂರು. ದೂರಿನಲ್ಲಿ ಹುರುಳಿತ್ತು. ಹಾರ್ವರ್ಡ್‌ನ ಸಂಶೋಧಕರು ಐದು ನಗರಗಳ ಸುಮಾರು 6,400 ಮನೆಗಳಿಗೆ ಸುಳ್ಳು ಹೆಸರಿನಲ್ಲಿ ಕೋರಿಕೆ ಕಳಿಸಿ ನೋಡಿದ್ದರು. ಬಿಳಿಯರದೆಂದು ಕಾಣುವ ಹೆಸರಿಗೆ ನೂರಕ್ಕೆ 50 ಮನೆಗಳು ಹೂಂ ಅಂದವು. ಕಪ್ಪು ಜನರದೆಂದು ಕಾಣುವ ಹೆಸರಿಗೆ 42. ಬೇಡ ಅಂದವರಲ್ಲಿ ಆ ದಿನಕ್ಕೆ ಬೇರೆ ಗಿರಾಕಿ ಸಿಕ್ಕಿದ್ದು ಸುಮಾರು 35 ಪರ್ಸೆಂಟ್ ಮಂದಿಗೆ ಮಾತ್ರ. ಮಿಕ್ಕವರದು ಖಾಲಿ ಮನೆ, ಖಾಲಿ ಜೇಬು. ದ್ವೇಷಕ್ಕಾಗಿ ಸ್ವಂತ ದುಡ್ಡು ಕಳೆದುಕೊಳ್ಳುವ ಇಂಥ ತ್ಯಾಗಿಗಳು ಇನ್ನೆಲ್ಲಿ ಸಿಗುತ್ತಾರೆ?

ಕಂಪನಿ ಇದಕ್ಕೆ ಕಂಡುಕೊಂಡ ಪರಿಹಾರ ಏನು? ಮೊದಲು, ಮನೆಯವರು ಒಪ್ಪುವ ತನಕ ಅತಿಥಿಯ ಫೋಟೊ ತೋರಿಸುವುದಿಲ್ಲ ಎಂದಿತು. ಆಮೇಲೆ 2022ರ ಜನವರಿ ಕೊನೆಯಿಂದ, ಒರೆಗಾನ್ ನಿವಾಸಿ ಬುಕ್ ಮಾಡಿದರೆ ಓನರ್ ಒಪ್ಪುವ ತನಕ ಹೆಸರಿನ ಬದಲು ಬರೀ ಇನಿಷಿಯಲ್. ರೋಗ ಮನೆ ಓನರ್‌ಗೆ, ಕಹಿ ಔಷಧಿ ಅತಿಥಿಗೆ. ಮನೆಗೆ ಸ್ವಾಗತ, ಆದರೆ ನೀವು ಯಾರೆಂದು ಗೊತ್ತಾಗಬಾರದು! ಬಾಗಿಲು ತೆರೆದಾಗ ಆ ಇನಿಷಿಯಲ್‌ಗೆ ಮುಖವೂ ಇರುತ್ತದಲ್ಲ, ಆಗ ಏನು ಮಾಡುವುದು? ಅದಕ್ಕಿನ್ನೂ ಸಾಫ್ಟ್‌ವೇರ್ ಬಂದಿಲ್ಲ.

ಇನಿಷಿಯಲ್ ನೋಡಿ ಅಮೆರಿಕದ ಓನರ್‌ಗಳು ಕಕ್ಕಾಬಿಕ್ಕಿ ಆಗಿದ್ದರೆ ನಮ್ಮ ಬೆಂಗಳೂರಿನ ಓನರ್‌ಗಳ ಹತ್ತಿರ ಟ್ಯೂಷನ್‌ಗೆ ಬರಬಹುದು. ನಮ್ಮ ಹೆಸರುಗಳ ಮುಂದೆ ಎರಡು ಮೂರು ಇನಿಷಿಯಲ್ ಇದ್ದದ್ದೇ. ಅದರಿಂದ ನಮ್ಮವರಿಗೆ ಏನಾದರೂ ಅಡ್ಡಿಯಾಗಿದೆಯೇ? ‘ನಿಮ್ಮದು ಯಾವ ಕಡೆ?’, ‘ವೆಜ್ಜಾ?’, ‘ಮನೆದೇವರು ಯಾವುದು?’ ಮೂರು ಪ್ರಶ್ನೆ ಸಾಕು, ಕಾಫಿ ಆರುವುದರೊಳಗೆ ಜಾತಿ ಪತ್ತೆ.

ಅಮೆರಿಕದಲ್ಲಿ ಈ ಸಮಸ್ಯೆಗೆ ಒಂದು ಪ್ರಾಮಾಣಿಕ ಉತ್ತರವೂ ಇತ್ತು. ನ್ಯೂಯಾರ್ಕ್ ನಗರದ ಹಾರ್ಲೆಮ್‌ನ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ‘ಗ್ರೀನ್ ಬುಕ್’ ಎಂಬ ಪುಸ್ತಕ ತಂದರು. ಕಪ್ಪು ಪ್ರವಾಸಿಗಳಿಗೆ ಎಲ್ಲಿ ರೂಮ್ ಕೊಡುತ್ತಾರೆ, ಎಲ್ಲಿ ಊಟ ಹಾಕುತ್ತಾರೆ ಎಂಬ ವಿವರ ಅದರಲ್ಲಿತ್ತು. ಈ ಪುಸ್ತಕವೇ ಬೇಡವಾಗುವ ದಿನ ಬೇಗ ಬರಲಿ ಎಂದು ಅದರಲ್ಲೇ ಅಚ್ಚು ಹಾಕಿಸಿದ್ದರು. ವ್ಯಾಪಾರ ಮುಚ್ಚಲಿ ಎಂದು ಹಾರೈಸಿದ ಪ್ರಕಾಶಕರು ಇನ್ನೆಷ್ಟು ಜನ ಇದ್ದಾರೋ ಕಾಣೆ. ಹೋಟೆಲುಗಳಲ್ಲಿ ತಾರತಮ್ಯ ಮಾಡುವಂತಿಲ್ಲ ಎಂಬ ಕಾನೂನು 1964ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಪುಸ್ತಕ ನಿಂತಿತು.

ಎಚ್ಚರಿಕೆಗಳು ನಿಲ್ಲಲಿಲ್ಲ. 2023ರ ಮೇ ತಿಂಗಳಲ್ಲಿ ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿ, ಫ್ಲೋರಿಡಾಕ್ಕೆ ಹೋಗುವವರು ಹುಷಾರಾಗಿರಿ ಅಂದಿತು. ಸಂಘಟನೆಯ ಆಡಳಿತ ಮಂಡಳಿಯ ಅಧ್ಯಕ್ಷರೇ ಫ್ಲೋರಿಡಾದಲ್ಲಿ ಇದ್ದಾರಲ್ಲ ಎಂದು ಎದುರಾಳಿಗಳು ಗೇಲಿ ಮಾಡಿದರು. ಒಂದು ಊರಿನ ವಿಷಯ ಆ ಊರಿನವರು ಹೇಳಬಾರದೆಂದರೆ ಇನ್ಯಾರು ಹೇಳಬೇಕು?

ಫ್ಲೋರಿಡಾದಿಂದ ಸ್ವಲ್ಪವೇ ದೂರದಲ್ಲಿ ಸಮುದ್ರದೊಳಗೆ ಬಹಾಮಾಸ್ ಇದೆ. ಅಲ್ಲಿನ ಬಹುಪಾಲು ಜನ ಕಪ್ಪು ವರ್ಣೀಯರು. 2016ರ ಜುಲೈನಲ್ಲಿ ಆ ಸರ್ಕಾರ ಅಮೆರಿಕಕ್ಕೆ ಹೊರಟ ತನ್ನ ಪ್ರಜೆಗಳಿಗೆ, ಅದರಲ್ಲೂ ಹುಡುಗರಿಗೆ, ಸೂಚನೆ ಹೊರಡಿಸಿತು: ಪೊಲೀಸರ ಜೊತೆ ಜಾಗ್ರತೆಯಾಗಿರಿ, ಎದುರು ಮಾತಾಡಬೇಡಿ, ಹೇಳಿದ್ದಕ್ಕೆ ಸಹಕರಿಸಿ. ಅಮೆರಿಕವೂ ಬಹಾಮಾಸ್‌ಗೆ ಹೋಗುವ ತನ್ನವರಿಗೆ ಎಚ್ಚರಿಕೆ ಕೊಡುತ್ತದೆ. 2025ರ ಸೂಚನೆಯಲ್ಲಿ ಅಪರಾಧದ ಜೊತೆಗೆ ಶಾರ್ಕ್‌ಗಳ ಮಾತೂ ಇದೆ. ಇವರು ಅಲ್ಲಿ ಶಾರ್ಕ್‌ಗೆ ಹೆದರಬೇಕು, ಅವರು ಇಲ್ಲಿ ಪೊಲೀಸರಿಗೆ ಹೆದರಬೇಕು. ಶಾರ್ಕ್‌ಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅವು ಎಲ್ಲ ಬಣ್ಣದವರನ್ನೂ ಒಂದೇ ಥರ ನೋಡುತ್ತವೆ.