ಕರೆಂಟ್ ಹೋದರೆ ಕಾವೇರಿಯೂ ನಿಲ್ಲುತ್ತಾಳೆ

ಬೆಂಗಳೂರಿನ ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದವಳು. ಬರುವುದೂ ಸುಮಾರು 500 ಮೀಟರ್ ಮೇಲಕ್ಕೆ ಹತ್ತಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಬೇಕು. ಕಾವೇರಿ ನೀರು ಯೋಜನೆಯ ಐದನೇ ಹಂತವೂ ಸೇರಿದರೆ ದಿನಕ್ಕೆ 222.5 ಕೋಟಿ ಲೀಟರ್ ಸಾಮರ್ಥ್ಯ. ಇಷ್ಟು ನೀರನ್ನು ಅಷ್ಟೆತ್ತರಕ್ಕೆ ಎತ್ತಲು, ಪಂಪಿನ ನಷ್ಟ ಬಿಟ್ಟರೂ, ಹಗಲೂ ರಾತ್ರಿ ಸುಮಾರು 125 ಮೆಗಾವಾಟ್ ಬೇಕು. ಡೀಸೆಲ್ ಜನರೇಟರ್ ಇಟ್ಟು ನಡೆಸುವ ಮಾತೇ ಇಲ್ಲ.

ಆದ್ದರಿಂದ ಸೂರ್ಯನಿಂದ ಸಿಡಿದು ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುವ ಸೌರ ಬಿರುಗಾಳಿ ಎಂಬುದು ಬೆಂಗಳೂರಿಗೆ ಕುಡಿಯುವ ನೀರಿನ ವಿಷಯ. 1989ರ ಮಾರ್ಚ್ 13ರಂದು ಇಂಥ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಗ್ರಿಡ್ (ವಿದ್ಯುತ್ ಜಾಲ) ಒಂದೂವರೆ ನಿಮಿಷದಲ್ಲಿ ಕುಸಿದು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಭೂಮಿಯ ಕಾಂತಕ್ಷೇತ್ರ ಅಲುಗಾಡಿದಾಗ ಉದ್ದನೆಯ ಲೈನ್‌ಗಳಲ್ಲಿ ಡಿಸಿಯಂಥ, ಅಂದರೆ ಬಹುಪಾಲು ಒಂದೇ ದಿಕ್ಕಿನ ಕರೆಂಟ್ ಹುಟ್ಟಿ, ಟ್ರಾನ್ಸ್‌ಫಾರ್ಮರನ್ನು ನೆಲಕ್ಕೆ ಜೋಡಿಸುವ ನ್ಯೂಟ್ರಲ್ ಅರ್ಥಿಂಗ್ ಮೂಲಕ ಹರಿಯುತ್ತದೆ. ಅದರ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವ ತುಂಬಿಹೋಗಿ) ಬಿಸಿಯೇರುತ್ತದೆ, ವೋಲ್ಟೇಜ್ ಬೀಳುತ್ತದೆ, ರಕ್ಷಣೆಗಿಟ್ಟ ರಿಲೇಗಳು ಒಂದರ ಹಿಂದೊಂದು ಟ್ರಿಪ್ ಆಗುತ್ತವೆ.

ನಾವು ಸಮಭಾಜಕಕ್ಕೆ ಹತ್ತಿರ, ಕೆನಡಾದಷ್ಟು ಹೊಡೆತ ನಮಗಿಲ್ಲ, ನಿಜ. ಆದರೆ 2012ರ ಜುಲೈನಲ್ಲಿ ಉತ್ತರ ಭಾರತ ಸತತ ಎರಡು ದಿನ ಕತ್ತಲಾದಾಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು, ಪಾರಾದೆವು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ 765 ಕೆವಿ ಲೈನ್ ಎರಡು ಗ್ರಿಡ್‌ಗಳನ್ನೂ ಬೆಸೆಯಿತು. ಅಲ್ಲಿಯ ಹೊಡೆತ ಈಗ ಇಲ್ಲಿಗೂ ಬರಬಹುದು.

ಕಾರಣ ಸೂರ್ಯನಿರಲಿ, ಸೈಬರ್ ದಾಳಿಯಿರಲಿ, ಪೂರ್ತಿ ಬಿದ್ದ ಗ್ರಿಡ್ ಎಬ್ಬಿಸುವ ಕ್ರಮ ಒಂದೇ: ಬ್ಲ್ಯಾಕ್ ಸ್ಟಾರ್ಟ್. ಶರಾವತಿಯಂಥ ಕಡೆ ಒಂದು ಜಲವಿದ್ಯುತ್ ಯೂನಿಟ್ಟನ್ನು ಡೀಸೆಲ್ ಸೆಟ್ ಬಲದಿಂದ ಎಬ್ಬಿಸಿ, ಆ ಕರೆಂಟನ್ನು ರಾಯಚೂರಿನಂಥ ಥರ್ಮಲ್ ಕೇಂದ್ರಕ್ಕೆ ಮುಟ್ಟಿಸಬೇಕು. ಬಾಯ್ಲರಿನ ಫ್ಯಾನ್, ಕಲ್ಲಿದ್ದಲು ಪುಡಿಮಾಡುವ ಮಿಲ್, ನೀರಿನ ಪಂಪ್ ತಿರುಗಲು ಹೊರಗಿನ ಕರೆಂಟೇ ಬೇಕು. ಲೋಡ್ ತುಸುತುಸುವೇ ಕೊಡಬೇಕು. ಅವಸರಪಟ್ಟರೆ ಆವರ್ತನ 50 ಹರ್ಟ್ಸ್‌ನಿಂದ ಜಾರಿ ಎಲ್ಲ ಮೊದಲಿನಿಂದ. ಅಷ್ಟರಲ್ಲಿ ಸಬ್‌ಸ್ಟೇಷನ್ ಬ್ಯಾಟರಿ ಬರಿದಾದರೆ ಲೈನ್ ಜೋಡಿಸುವ ಬ್ರೇಕರ್ ಹಾಕಲೂ ಆಗದು.

ಬ್ಲ್ಯಾಕ್ ಸ್ಟಾರ್ಟ್‌ನ ಅಣಕು ಪರೀಕ್ಷೆಯ ನಿಯಮ ಗ್ರಿಡ್ ಸಂಹಿತೆಯಲ್ಲಿ, ಅಂದರೆ ಗ್ರಿಡ್ ನಡೆಸುವ ನಿಯಮಾವಳಿಯಲ್ಲಿದೆ. ಆ ಪರೀಕ್ಷೆಯಲ್ಲಿ ತೊರೆಕಾಡನಹಳ್ಳಿಯ ಪಂಪುಗಳೂ ಇರಬೇಕು ಎನ್ನುವುದೇ ನನ್ನ ಒತ್ತಾಯ. ದೊಡ್ಡ ಮೋಟಾರನ್ನು ನೇರವಾಗಿ ಸ್ಟಾರ್ಟ್ ಮಾಡಿದರೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗತಾನೆ ಎದ್ದ ಪುಟ್ಟ ಗ್ರಿಡ್ ಅದನ್ನು ತಡೆಯಬಲ್ಲದೆ? ಯಾವ ಪಂಪ್ ಮೊದಲು, ಎಷ್ಟು ನಿಮಿಷದ ಅಂತರ, ಮೋಟಾರನ್ನು ನಿಧಾನವಾಗಿ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಎಲ್ಲಿಲ್ಲ, ಇದು ಕತ್ತಲಲ್ಲಿ ನಿಂತು ಕಲಿಯುವ ಪಾಠವಲ್ಲ.

ಸೂರ್ಯನ ಸ್ಫೋಟ ಕಂಡ ಮೇಲೆ ಬಿರುಗಾಳಿ ಭೂಮಿ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಸೂರ್ಯನನ್ನು ಗಮನಿಸುವ ಇಸ್ರೋದ ಆದಿತ್ಯ-ಎಲ್1 ನೌಕೆ ಇದೆ. ಆ ಅವಧಿಯಲ್ಲಿ ಜಲಮಂಡಳಿ ಎಲ್ಲ ನೆಲಮಟ್ಟದ ಜಲಾಗಾರ ತುಂಬಿಸಿಟ್ಟುಕೊಳ್ಳಬಹುದು. ಫೋನ್ ಮಾಡುವವರು ಯಾರು, ಆದೇಶ ಕೊಡುವವರು ಯಾರು ಎಂದು ಮೊದಲೇ ಬರೆದಿಟ್ಟಿದ್ದರೆ ಮಾತ್ರ. ಜೊತೆಗೆ ವಾರ್ಡಿಗೆ ಎರಡಾದರೂ ಬೋರ್‌ವೆಲ್‌ಗೆ ಡೀಸೆಲ್ ಸೆಟ್, ಮೂರು ದಿನಕ್ಕಾಗುವಷ್ಟು ಡೀಸೆಲ್ ಸ್ಥಳದಲ್ಲೇ ಇರಲಿ. ಕರೆಂಟಿಲ್ಲದೆ ಬಂಕಿನ ಪಂಪೂ ಓಡುವುದಿಲ್ಲ.