ಮಳೆಗಾಲದಲ್ಲಿ ಬಾಯಿ ಬಿಡದ ಚಾಕು

ಮಾವಿನಕಾಯಿ ಬಂದಿದೆ, ಉಪ್ಪು ಖಾರದಪುಡಿ ಕಲಸಿಟ್ಟಾಗಿದೆ, ನಾಲ್ಕು ಜನ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದಾರೆ. ಓಪಿನೆಲ್ ಚಾಕು ಬಾಯಿ ಬಿಡದಿರಲು ಆರಿಸಿಕೊಳ್ಳುವ ಮುಹೂರ್ತ ಸರಿಯಾಗಿ ಇದೇ. ಅದರ ಒಡೆಯ ಅಲಗಿನ ಮೇಲಿನ ಗೀರಿಗೆ ಹೆಬ್ಬೆರಳ ಉಗುರು ಸಿಕ್ಕಿಸಿ ಎಳೆಯುತ್ತಾನೆ. ಉಗುರು ಮುರಿಯುತ್ತದೆ, ಅಲಗು ಅಲ್ಲಾಡುವುದಿಲ್ಲ. ಕೊನೆಗೆ ಒಳಗಿನಿಂದ ಈಳಿಗೆಮಣೆ ಬರುತ್ತದೆ.

ದೋಷ ಚಾಕುವಿನದಲ್ಲ, ಮರದ್ದು. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಜೋಸೆಫ್ ಓಪಿನೆಲ್ ರೂಪಿಸಿದ ಈ ಮಡಚು ಚಾಕುವಿನ ಹಿಡಿ ಸಾಮಾನ್ಯವಾಗಿ ಬೀಚ್ ಮರದ್ದು. ಹಿಡಿಯಲ್ಲಿ ಕೊರೆದ ಸೀಳಿನೊಳಗೆ ಅಲಗು ಮಲಗುತ್ತದೆ, ಕೀಲಿಗೆ ಒಂದೇ ರಿವೆಟ್. ಹೆಚ್ಚಿನ ಮಡಚು ಚಾಕುಗಳಲ್ಲಿರುವ ಬೆನ್ನಿನ ಸ್ಪ್ರಿಂಗ್ ಇಲ್ಲಿಲ್ಲ. ಕುತ್ತಿಗೆಯ ಬೀಗದ ಉಂಗುರವನ್ನು ಬಿಟ್ಟರೆ, ಅಲಗನ್ನು ಹಿಡಿದಿಡುವುದು ಮರದ ಒತ್ತಡ ಮಾತ್ರ. ಬೀಚ್ ನೀರು ಕುಡಿದರೆ ಉಬ್ಬುವ ಮರ. ಆಲ್ಪ್ಸ್ ತಪ್ಪಲಿನಲ್ಲೇ ಅದು ಮುನಿಸಿಕೊಳ್ಳುತ್ತಿತ್ತು ಎಂದಮೇಲೆ ಆಗುಂಬೆಯ ಆಷಾಢದಲ್ಲಿ ಅದರಿಂದ ಏನು ನಿರೀಕ್ಷಿಸುವುದು?

ಇದಕ್ಕೆ ಸವೊಯ್ ಜನರೇ ಒಂದು ಪೆಟ್ಟು ಕಂಡುಹಿಡಿದಿದ್ದಾರೆ. ಹಿಡಿಯ ಬಾಲದ ತುದಿಯನ್ನು ಮೇಜಿಗೋ ಕಲ್ಲಿಗೋ ಒಮ್ಮೆ ತಟ್ಟಿದರೆ ಅಲಗಿನ ಮೊನೆ ತುಸು ಹೊರಗಿಣುಕುತ್ತದೆ; ಆಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆಯಬಹುದು. ತಟ್ಟುವ ಮೊದಲು ಕುತ್ತಿಗೆಯ ಉಕ್ಕಿನ ಉಂಗುರವನ್ನು ಬಿಚ್ಚುವ ಸ್ಥಾನಕ್ಕೆ ತಿರುಗಿಸಿರಬೇಕು. ಬೀಗ ತೆಗೆಯದೆ ಬಾಗಿಲು ಗುದ್ದುವವರಂತೆ ಮೇಜು ಒಡೆಯುವಷ್ಟು ತಟ್ಟಿ, ‘ಫ್ರೆಂಚರ ಮಾಲೇ ಇಷ್ಟು’ ಎನ್ನುವವರ ಪಂಗಡ ದೊಡ್ಡದು. ಇಕ್ಕಳ ಹಾಕಿ ಮೊನೆ ಎಳೆಯುವವರು ಇನ್ನೂ ಧೈರ್ಯಶಾಲಿಗಳು. ಚಾಕು ತೆರೆಯುತ್ತದೆ, ಅಲಗಿನ ಮೇಲೆ ಇಕ್ಕಳದ ಹಲ್ಲಿನ ಗುರುತು ಮಾತ್ರ ಸಾಯುವತನಕ ಉಳಿಯುತ್ತದೆ.

ಕಾಯಂ ಔಷಧಿಗೆ ತಾಳ್ಮೆ ಬೇಕು. ಫ್ಯಾನಿನ ಕೆಳಗೆ ಎರಡು ಮೂರು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಮರ ಬಿರಿಯಬಹುದು, ಓವನ್ ಹೆಸರೂ ಎತ್ತಬೇಡಿ. ಒಣಗಿದ ಮೇಲೂ ಬಿಗಿಯಿದ್ದರೆ ನಯವಾದ ಉಪ್ಪು ಕಾಗದವನ್ನು ಮಡಚಿ, ಕೀಲಿನ ಬಳಿ ಸೀಳಿನ ಒಳಗೋಡೆಗೆ ನಾಲ್ಕು ಸಲ ಉಜ್ಜಿ ನೋಡಿ. ನಾಲ್ಕೇ ಸಲ. ಹತ್ತು ಸಲ ಉಜ್ಜಿದರೆ ಬೇಸಿಗೆಯಲ್ಲಿ ಅಲಗು ಲೊಡಲೊಡ ಎನ್ನುತ್ತದೆ. ಕೊನೆಗೆ ಕರಗಿಸಿದ ವ್ಯಾಸಲೀನನ್ನು ಕೀಲಿನ ಸುತ್ತ ಇಳಿಬಿಟ್ಟು, ಹೀರಿಕೊಂಡ ಮೇಲೆ ಒರೆಸಿದರೆ ನೀರಿಗೆ ಒಳಗೆ ಜಾಗ ಕಡಿಮೆಯಾಗುತ್ತದೆ. ಅಡುಗೆಮನೆಯ ಕಡಲೆಕಾಯಿ ಎಣ್ಣೆ ಸುರಿದರೆ ದಿನ ಕಳೆದಂತೆ ಅದು ಅಂಟಾಗಿ, ಜೇಬಿನ ನೂಲುಪುಡಿಯನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಆ ಪುಡಿ ತೇವ ಹಿಡಿದರೆ ತುಕ್ಕು ಹುಟ್ಟುವುದು ಅಲ್ಲಿಂದಲೇ.

ತುಕ್ಕಿನ ವಿಷಯದಲ್ಲಿ ಚಾಕುಪ್ರಿಯರಿಗೂ ಅವರ ಮನೆಯವರಿಗೂ ಎಂದೂ ಒಪ್ಪಂದವಾಗಿಲ್ಲ. ಅಲಗಿನ ಮೇಲೆ ‘ಕಾರ್ಬೋನ್’ ಎಂದು ಒತ್ತಿದ್ದರೆ ಅದು ತುಕ್ಕು ಹಿಡಿಯುವ ಉಕ್ಕು, ‘ಇನಾಕ್ಸ್’ ಎಂದಿದ್ದರೆ ಸ್ಟೇನ್‌ಲೆಸ್. ಕಾರ್ಬೋನಿನಲ್ಲಿ ನಿಂಬೆಯೋ ಮಾವಿನಕಾಯಿಯೋ ಹೆಚ್ಚಿದ ಸ್ವಲ್ಪ ಹೊತ್ತಿಗೇ ಅಲಗು ಬೂದು ನೀಲಿಗೆ ತಿರುಗುತ್ತದೆ, ಹೋಳುಗಳ ಅಂಚಿಗೂ ಮಸಿ ಹತ್ತುತ್ತದೆ. ಆ ಬೂದು ಪದರ ಕೆಂಪು ತುಕ್ಕನ್ನು ಒಂದಿಷ್ಟು ತಡೆಯುವುದರಿಂದ ಪ್ರಿಯರು ಅದನ್ನು ಮಗುವಿನ ಮೊದಲ ಹಲ್ಲನ್ನು ತೋರಿಸುವ ಹೆಮ್ಮೆಯಲ್ಲಿ ತೋರಿಸುತ್ತಾರೆ. ಮನೆಯವರು ಅದನ್ನು ಕೊಳೆ ಎಂದು ತಿಳಿದು ಸ್ಟೀಲ್ ನಾರು ಹಿಡಿದು ಫಳಫಳ ಹೊಳೆಸಿಡುತ್ತಾರೆ, ಇಡೀ ವರ್ಷದ ಕೃಷಿ ಐದು ನಿಮಿಷದಲ್ಲಿ ನೀರುಪಾಲು. ಸಿಂಕಿನಲ್ಲಿ ರಾತ್ರಿಯಿಡೀ ನೆನೆದ ಚಾಕುವಿನ ಮೇಲೆ ಬೆಳಿಗ್ಗೆ ಕಾಣುವ ಕೆಂಪು ಚುಕ್ಕೆಗಳು ಮಾತ್ರ ನಿಜವಾದ ತುಕ್ಕು. ಅವನ್ನು ಕೂಡಲೇ ಉಜ್ಜಿ ತೆಗೆಯಬೇಕು. ಆಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಅದು ಒಣಗಿ ಅಂಟಾಗುವ ಜಾತಿಯದಲ್ಲ, ತಿಂಡಿಗೆ ತಗುಲಿದರೂ ಕೆಡುಕಿಲ್ಲ.

ಅಲಗಿನ ಮೇಲೆ ಕಿರೀಟ ತೊಟ್ಟ ಒಂದು ಕೈಯ ಮುದ್ರೆಯಿದೆ. ಅದರಲ್ಲಿ ಮೇಲೆದ್ದಿರುವುದು ಮೂರೇ ಬೆರಳು. ಓಪಿನೆಲ್ ಊರಿನ ಹತ್ತಿರದ ಸೇಂಟ್ ಜಾನ್ ದ ಮೋರಿಯೆನ್ ಪಟ್ಟಣದ ಲಾಂಛನದಿಂದ ಬಂದ, ಆಶೀರ್ವದಿಸುವ ಕೈ ಅದು. ಉಳಿದೆರಡು ಬೆರಳು ಏನಾದವು ಎಂದು ಯೋಚಿಸುವಂತೆ ಮಾಡುವುದು ಉಂಗುರ ತಿರುಗಿಸಲು ಮರೆತವರ ಪಾಡು. 1955ರಲ್ಲಿ ಸೇರಿಸಿದ ಈ ಉಂಗುರ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುತ್ತದೆ. 2000ದಿಂದ ಮಡಚಿದ ಅಲಗನ್ನೂ ಬಂದಿಯಾಗಿಡುತ್ತದೆ. ತಿರುಗಿಸದೆ ತೆಂಗಿನಕಾಯಿ ಚಿಪ್ಪಿಗೆ ಮೊನೆ ಚುಚ್ಚಿದಿರೋ, ಅಲಗು ಮನೆಗೆ ವಾಪಸು ಹೊರಡುತ್ತದೆ. ದಾರಿಯಲ್ಲಿ ನಿಮ್ಮ ತೋರುಬೆರಳಿರುತ್ತದೆ.

ಹರಿತ ಮಾಡುವುದೂ ಹೇಳಿದಷ್ಟು ಸುಲಭವಲ್ಲ. ಸಾಣೆಕಲ್ಲಿನ ಮೇಲೆ ಅಲಗು ಸುಮಾರು 20 ಡಿಗ್ರಿ ಓರೆಯಲ್ಲಿರಬೇಕು. ಎಂದರೆ ಅಲಗಿನ ಬೆನ್ನು ಕಲ್ಲಿನಿಂದ ಅಲಗಿನ ಅಗಲದ ಮೂರರಲ್ಲೊಂದು ಪಾಲು ಮೇಲೆ. ಒಂದು ಮಗ್ಗುಲು ಮಸೆಯುತ್ತ ಹೋದಂತೆ ಆಚೆ ಮಗ್ಗುಲಿನ ಅಂಚಿನಲ್ಲಿ ಬೆರಳಿಗೆ ತೊಡರುವ ತೆಳ್ಳನೆಯ ಮಡಿಕೆ ಏಳುತ್ತದೆ. ಅದು ಉದ್ದಕ್ಕೂ ಎದ್ದ ಮೇಲಷ್ಟೇ ಮಗ್ಗುಲು ಬದಲಿಸಬೇಕು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದು ಕಳೆಯಬೇಕು. ಅವಸರದವರು ಆ ಮಡಿಕೆಯನ್ನೇ ಹರಿತ ಎಂದು ನಂಬುತ್ತಾರೆ, ಅದು ಎರಡನೇ ಟೊಮೆಟೊಗೇ ಮುಗ್ಗರಿಸುತ್ತದೆ. ಮುಂಗೈ ಕೂದಲು ಹೆರೆದು ಹರಿತ ಪರೀಕ್ಷಿಸುವ ಅಭ್ಯಾಸವಿದ್ದವರನ್ನು ಎಡಗೈಯ ಬೋಳು ಪಟ್ಟಿಯಿಂದ ಗುರುತಿಸಬಹುದು. ಅರ್ಧ ತೋಳಿನ ಅಂಗಿ ಅವರಿಗಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ‘ಒಂಚೂರು ಚಾಕು ಕೊಡಿ ಸಾರ್’ ಎಂದು ಒಬ್ಬರು ಬಂದೇ ಬರುತ್ತಾರೆ. ಕೇಳುವವರು ಯಾರೂ ಕತ್ತರಿಸಲು ಕೇಳುವುದಿಲ್ಲ. ಪೇಂಟ್ ಡಬ್ಬಿಯ ಮುಚ್ಚಳ ಮೀಟಬೇಕು, ಸ್ಕ್ರೂ ತಿರುಗಿಸಬೇಕು. ಮೊನೆ ಮುರಿದು ವಾಪಸಾದರೆ ಅಲಗಿನ ಬೆನ್ನಿನ ಕಡೆಯಿಂದ ಉಜ್ಜಿ ಹೊಸ ಮೊನೆ ತನ್ನಿ. ಹರಿತದ ಕಡೆಯಿಂದ ಉಜ್ಜಿದರೆ ಮೊನೆ ಮೇಲೆದ್ದು, ಮಡಚಿದಾಗ ಹಿಡಿಯಿಂದ ಹೊರಗಿಣುಕಿ ಪ್ಯಾಂಟಿನ ಜೇಬು ಹರಿಯುತ್ತದೆ. ತಿರುಗುವ ಸಾಣೆಗೆ ಕೊಟ್ಟರೆ ಮೊನೆ ನೀಲಿಗಟ್ಟಿ ಗಡಸು ಕಳೆದುಕೊಳ್ಳುತ್ತದೆ. ಕೈಯಿಂದ, ನೀರು ಚಿಮುಕಿಸುತ್ತ ಮಾಡುವ ಕೆಲಸ ಅದು.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಪೇಚಿದೆ. ಅಲ್ಲಿ ಕಾರಣ ಹೇಳದೆ ಹೊರಗೆ ಒಯ್ಯಬಹುದಾದದ್ದು ಹರಿತದ ಅಂಚು 3 ಅಂಗುಲ ಮೀರದ, ಬೀಗವಿಲ್ಲದ ಮಡಚು ಚಾಕು ಮಾತ್ರ. ಬೆರಳು ಉಳಿಸುವ ಉಂಗುರವೇ ಅಲ್ಲಿ ಬೀಗವೆನಿಸಿ, ಪೊಲೀಸರಿಗೆ ಸರಿಯಾದ ಕಾರಣ ಕೊಡಬೇಕಾಗುತ್ತದೆ. ‘ಮಾವಿನಕಾಯಿ ತಿನ್ನಲಿಕ್ಕೆ’ ಎಂದರೆ ಅವರು ಒಪ್ಪುವಷ್ಟು ಮಾವಿನಕಾಯಿಯೂ ಅಲ್ಲಿ ಸಿಗುವುದಿಲ್ಲ. ಅಂಥವರಿಗೆ ನಂ. 5 ಅಳತೆಯ ಓಪಿನೆಲ್ ವಾಸಿ: ಅಲಗು 6 ಸೆಂ.ಮೀ., ಉಂಗುರವಿಲ್ಲ. ಊರಿಂದ ಹೊರಡುವಾಗ ಅದನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಜೇಬಿನಲ್ಲೇ ಮರೆತರೆ ವಿಮಾನ ನಿಲ್ದಾಣದ ತಪಾಸಣೆಯವರ ಡಬ್ಬಿಯಲ್ಲಿ ಉಗುರುಕತ್ತರಿಗಳ ಜೊತೆ ಬೀಳುತ್ತದೆ.